ಹಳೆಯ ಫಟಫಟಿಯ ಕಿರ್ದಿ

ಮನೆಗೆ ಹೊಸ ವಸ್ತುವೊಂದು ಬಂದ ದಿನ ಓಣಿಯ ಜನರೆಲ್ಲ ನೋಡಲು ಬರುತ್ತಾರೆ. ಅದೇ ವಸ್ತು ಮುಪ್ಪಾಗಿ ಮೂಲೆಗೆ ಬಿದ್ದ ದಿನ ಗುಜರಿಯವನು ತಕ್ಕಡಿ ಹಿಡಿದುಕೊಂಡು ಬರುತ್ತಾನೆ. ಈ ಎರಡು ದಿನಗಳ ನಡುವಿನ ಕಾಲವೇ ದೀರ್ಘವಾದದ್ದು. ಆ ಕಾಲದಲ್ಲಿ ವಸ್ತುವನ್ನು ಹೇಗೆ ನಡೆಯಿಸಿಕೊಂಡು ಹೋಗಬೇಕು, ಅದರಿಂದ ಎಷ್ಟು ದುಡಿಸಿಕೊಳ್ಳಬೇಕು, ಎಲ್ಲಿಗೆ ಸಾಕೆನ್ನಬೇಕು ಎಂಬದನ್ನು ಅಂಗಡಿಯವರು ಹೇಳಿಕೊಡುವದಿಲ್ಲ; ಶಾಲೆಯ ಪುಸ್ತಕಗಳಲ್ಲಿಯೂ ಬರೆದಿರುವದಿಲ್ಲ. ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಯುತ್ತ ಬಂದಿರುವ ಒಂದು ಫಟಫಟಿಯ ಸಂಗತಿಯನ್ನು ವಾಚಕರ ಮುಂದಿಡಲು ನಾವು ಮನಸ್ಸು ಮಾಡಿದ್ದು ಈ ಕಾರಣದಿಂದಲೇ. ಇದು ಯಂತ್ರದ ಮಾತಾದರೂ ಸಂಸಾರದ ಮಾತೂ ಹೌದೆಂದು ನಮ್ಮ ತಿಳುವಳಿಕೆ.

ನಮ್ಮದು ರೋಣದಲ್ಲಿ ಸಣ್ಣದೊಂದು ಜವಳಿ ಅಂಗಡಿ. ಗಜೇಂದ್ರಗಡದ ನೇಕಾರರ ಮನೆಗಳಿಂದ ಸೀರೆಗಳನ್ನು ತಂದು ರೋಣದಲ್ಲಿಯೂ ನರಗುಂದದಲ್ಲಿಯೂ ಮಾರುವದು ಹಿರಿಯರಿಂದ ಬಂದ ಉದ್ಯೋಗ. ಮೂಡಲಿಗೆ ಗಜೇಂದ್ರಗಡ, ಪಡುವಲಿಗೆ ನರಗುಂದ, ನಡುವೆ ರೋಣ. ಮೂರೂ ಊರುಗಳು ಹೆಚ್ಚು ಕಡಿಮೆ ಒಂದೇ ಗೆರೆಯ ಮೇಲಿವೆ. ಗದಗದಿಂದ ಹೊಳೆಆಲೂರಿನ ಮೇಲೆ ಹಾಯ್ದು ವಿಜಯಪುರಕ್ಕೆ ಹೋಗುವ ರೈಲು ಈ ಗೆರೆಗೆ ಅಡ್ಡವಾಗಿ ಹೋಗುವದರಿಂದ ನಮ್ಮಂಥವರ ತಿರುಗಾಟಕ್ಕೆ ಅದರ ಉಪಯೋಗವಿಲ್ಲ. ಬಸ್ಸಿಗಾಗಿ ಕಾದರೆ ಪೇಟೆಯ ಹೊತ್ತು ತಪ್ಪುತ್ತದೆ. ಆದುದರಿಂದ ಗಂಟು ಕಟ್ಟಿಕೊಂಡು ಬೇಕಾದಾಗ ಹೊರಡಬಲ್ಲ ಸ್ವಂತದ ವಾಹನ ಬೇಕಾಗಿತ್ತು. ದೊಡ್ಡ ಪಟ್ಟಣಗಳ ಶ್ರೀಮಂತರು ಓಟದ ಕಾರುಗಳನ್ನು ಇಟ್ಟುಕೊಳ್ಳುವದನ್ನು ನಾವು ಚಿತ್ರಗಳಲ್ಲಷ್ಟೇ ಕಂಡವರು. ನಮ್ಮ ಕಡೆಗೆ ಆ ಗತ್ತು ಇದ್ದದ್ದು ಫಟಫಟಿಗೆ. ಅದರಲ್ಲಿಯೂ ಯೆಜ್ಡಿ ರೋಡ್‌ಕಿಂಗ್ ಎಂಬುದಕ್ಕೆ.

ಈ ಗಾಡಿಯ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. 1929ರಲ್ಲಿ ಚೆಕೊಸ್ಲೊವಾಕಿಯ ದೇಶದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಗಾಡಿಯ ಹಕ್ಕನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂಬ ಹೆಸರಿಟ್ಟರು. ಆ ಜಾವಾ ಗಾಡಿಯನ್ನು ನಮ್ಮಲ್ಲಿಯೇ ತಯಾರಿಸಬೇಕೆಂದು ರುಸ್ತುಮ್ ಇರಾನಿ ಮತ್ತು ಫಾರೂಕ್ ಇರಾನಿ ಎಂಬ ಪಾರಸೀ ಉದ್ಯಮಿಗಳು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರಖಾನೆಯನ್ನು ಸ್ಥಾಪಿಸಿದರು. 1961ರಿಂದ ಗಾಡಿಗಳು ಹೊರಬೀಳತೊಡಗಿದವು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಸುಮಾರು 250 ಸಿ.ಸಿ.ಯ ಎಂಜಿನು, 16 ಅಶ್ವಶಕ್ತಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳು. ಕನ್ನಡ ನಾಡಿನಲ್ಲಿ ಹುಟ್ಟಿದ ಗಾಡಿಯೊಂದು ಶೋಲಾವರಂನ ಪಂದ್ಯದ ಬಯಲಿನಲ್ಲಿಯೂ ಓಡಿತು, ನಮ್ಮ ಎರೆಹೊಲದ ಬದುವಿನ ಮೇಲೂ ಓಡಿತು. ಹೀಗೆ ಎರಡು ಕಡೆಗೂ ಸಲ್ಲುವ ವಾಹನ ವಿರಳ.

ನಮ್ಮ ತಂದೆಯವರು ಅದನ್ನು ಕೊಂಡದ್ದು 1993ರಲ್ಲಿ. ಆಗ ಗದಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದದ್ದು 1997ರಲ್ಲಿ. ಆದಕಾರಣ ಗಾಡಿಯ ಹಲಗೆಯ ಮೇಲೆ ಇಂದಿಗೂ ಧಾರವಾಡದ ಅಂಕಿಯೇ ಇರುವದು. ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕು ಆಗುವದು. ಹೊಸಬರು ಕಿಕ್ಕು ಎಲ್ಲಿದೆಯೆಂದು ಎರಡೂ ಬದಿಗೆ ಹುಡುಕುತ್ತಿದ್ದರು. ಮನೆಯ ಮಕ್ಕಳು ನಗುತ್ತಿದ್ದರು. ಗಾಡಿಯ ಸದ್ದು ಊರ ಹೊರಗಿನ ಅಗಸಿಯಲ್ಲಿ ಕೇಳಿಸಿತೆಂದರೆ ಒಳಗೆ ನಮ್ಮ ತಾಯಿಯವರು ರೊಟ್ಟಿಯ ಹಂಚು ಇಡುತ್ತಿದ್ದರು. ಇಂಥ ಸುಖದ ಮಾತುಗಳನ್ನು ಎಷ್ಟಾದರೂ ಹೇಳಬಹುದು. ಆದರೆ ಇಂದು ನಾವು ಹೇಳಹೊರಟದ್ದು ಸುಖದ ಮಾತಲ್ಲ, ಲೆಕ್ಕದ ಮಾತು.

ತಂದೆಯವರು ವ್ಯಾಪಾರಸ್ಥರು. ಅಂಗಡಿಯ ಕಿರ್ದಿಯಲ್ಲಿ ದಿನದ ಜಮೆ ಖರ್ಚು ಬರೆಯುವಂತೆ ಗಾಡಿಗೂ ಒಂದು ಕಿರ್ದಿಯನ್ನು ಹಾಕಿದರು. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಾಯಿತು, ಎಷ್ಟು ರೂಪಾಯಿ ಎಂಬ ನಾಲ್ಕೇ ಕಾಲಮುಗಳು. ಗಾಡಿಯ ಮೀಟರಿನಲ್ಲಿ ಇರುವದು ಐದೇ ಅಂಕಿ. 2006ರ ದೀಪಾವಳಿಯ ಮುಂಚೆ ಅದು 99,999ನ್ನು ಮುಟ್ಟಿ ಮತ್ತೆ ಸೊನ್ನೆಗೆ ಬಂದು ನಿಂತಿತು. ಮೀಟರನ್ನು ನೋಡಿದವರಿಗೆ ಗಾಡಿ ಅಂದೇ ಹುಟ್ಟಿದ ಕೂಸು. ಕಿರ್ದಿಯನ್ನು ನೋಡಿದವರಿಗೆ ಲಕ್ಷ ಕಿಲೋಮೀಟರು ಕಂಡ ಹಿರಿಯ. ವಯಸ್ಸನ್ನು ಯಂತ್ರ ಮರೆಯಬಹುದು, ಮಾಲಕನು ಮರೆಯಲಾಗದು. ಈಗ ಮೀಟರು 61,000 ತೋರಿಸುತ್ತದೆ. ಅದಕ್ಕೆ ಲಕ್ಷವನ್ನು ನಾವು ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತೇವೆ.

ಕಿರ್ದಿಯಲ್ಲಿ ದೊಡ್ಡ ಖರ್ಚಿನ ಬರಹಗಳು ನಾಲ್ಕು. ಅವುಗಳ ಕಾರಣ ನಮ್ಮ ಮಣ್ಣಿನಲ್ಲಿಯೇ ಇದೆ. ರೋಣ ನರಗುಂದಗಳ ಎರೆಭೂಮಿ ಜೋಳ ಕಡಲೆಗಳಿಗೆ ತಾಯಿ. ಎಂಜಿನಿಗೆ ಮಾತ್ರ ಮಲತಾಯಿ. ಬೇಸಿಗೆಯಲ್ಲಿ ಈ ಮಣ್ಣು ಹಿಟ್ಟಿನಂತಾಗಿ ಗಾಳಿಯಲ್ಲಿ ತೇಲುತ್ತದೆ. ಗಾಳಿಯನ್ನು ಸೋಸುವ ಜಾಳಿಗೆ ಕೊಳೆಯಾಗಿದ್ದರೆ ಅಥವಾ ಅದರ ರಬ್ಬರು ಸೀಳಿದ್ದರೆ ಆ ಧೂಳು ಪೆಟ್ರೋಲಿನೊಡನೆ ಒಳಹೊಕ್ಕು, ಪಿಸ್ಟನಿಗೂ ಸಿಲಿಂಡರಿನ ಗೋಡೆಗೂ ನಡುವೆ ಸಾಣೆಯ ಪುಡಿಯಂತೆ ಉಜ್ಜುತ್ತದೆ. ಗೋಡೆ ಸವೆದಷ್ಟು ಬಲ ಸೋರುತ್ತದೆ. ಆಗ ಸಿಲಿಂಡರನ್ನು ಲೇಥಿಗೆ ಕೊಟ್ಟು ಕಾಲು ಮಿಲಿಮೀಟರಿನಷ್ಟು ಅಗಲವಾಗಿ ಕೊರೆಯಿಸಿ, ಅಷ್ಟೇ ದೊಡ್ಡದಾದ ಪಿಸ್ಟನ್ನು ಹಾಕಬೇಕಾಗುತ್ತದೆ. ಇದಕ್ಕೆ ಬೋರು ಮಾಡಿಸುವದೆನ್ನುತ್ತಾರೆ. ನಮ್ಮ ಗಾಡಿಗೆ ಮೊದಲ ಬೋರು 1998ರಲ್ಲಿ 41,000 ಕಿಲೋಮೀಟರಿಗೆ, ಎರಡನೆಯದು 2004ರಲ್ಲಿ 83,000ಕ್ಕೆ, ಮೂರನೆಯದು 2012ರಲ್ಲಿ 1,22,000ಕ್ಕೆ. ಆದರೆ ಕಬ್ಬಿಣದ ಗೋಡೆ ಎಷ್ಟು ಸಲ ಕೊರೆಯಿಸಿಕೊಂಡೀತು? ಪ್ರತಿ ಸಲವೂ ಅದು ತೆಳುವಾಗುತ್ತದೆ. ಮಿತಿ ಮುಟ್ಟಿದ ಮೇಲೆ ಒಳಗೆ ಹೊಸದೊಂದು ಕೊಳವೆಯನ್ನು, ಅಂದರೆ ಸ್ಲೀವನ್ನು, ಕೂಡಿಸಬೇಕು. ಇಲ್ಲವೆ ಬೇರೆ ಸಿಲಿಂಡರನ್ನು ಹುಡುಕಬೇಕು.

ಬೇಸಿಗೆಯ ಧೂಳು ಹೀಗಾದರೆ ಮಳೆಗಾಲದ ರಾಡಿ ಬೇರೆ ಬಗೆಯದು. ಎರೆಮಣ್ಣು ನೆನೆದರೆ ಗಾಲಿಗೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಗಾಡಿಯ ಪೆಟ್ಟಿಗೆಯಲ್ಲಿ ಪಾನಾ ಇರಲಿ ಬಿಡಲಿ, ಮಣ್ಣು ಕೆತ್ತುವ ಒಂದು ಗಟ್ಟಿ ಕಟ್ಟಿಗೆ ಇರಲೇಬೇಕೆಂಬದು ನಮ್ಮ ಕಡೆಯ ನಿಯಮ. ಯಾವಗಲ್ಲಿನ ಹತ್ತಿರ ಬೆಣ್ಣಿಹಳ್ಳ ತುಂಬಿ ಬಂದರಂತೂ ನರಗುಂದದ ದಾರಿಯ ಆಸೆಯನ್ನೇ ಬಿಡಬೇಕು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಹಳ್ಳಿಗಳು ಜಲಾವೃತವಾದಾಗ ನಮ್ಮ ತಮ್ಮನು ಹೊಳೆಆಲೂರಿನ ಕಡೆಯ ಬೀಗರ ಮನೆಗೆ ಸಹಾಯಕ್ಕೆಂದು ಈ ಗಾಡಿಯ ಮೇಲೆ ಹೋಗಿದ್ದನು. ಜನರನ್ನೂ ದನಕರುಗಳನ್ನೂ ಎತ್ತರದ ಸ್ಥಳಕ್ಕೆ ಸಾಗಿಸುವ ಗಡಿಬಿಡಿಯಲ್ಲಿ ಗಾಡಿ ಹಿತ್ತಲಲ್ಲಿಯೇ ಉಳಿದು ಎರಡು ದಿನ ನೀರೊಳಗೆ ನಿಂತಿತು.

ನೀರಿಳಿದ ಮೇಲೆ ನಮ್ಮ ಮೇಸ್ತ್ರಿಗಳು ಹೇಳಿ ಕಳಿಸಿದ್ದು ಒಂದೇ ಮಾತು: ಯಾರೂ ಕಿಕ್ಕು ಹೊಡೆಯಕೂಡದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿರುವಾಗ ಬಲದಿಂದ ಕಿಕ್ಕು ಹೊಡೆದರೆ ಒಳಗಿನ ದಂಡವೇ ಬಾಗುವದು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದು, ಪ್ಲಗ್ಗು ತೆಗೆದು, ನೀರು ಸುರಿಸಿ, ಡೀಸೆಲ್ಲಿನಿಂದ ಮೂರು ಸಲ ತೊಳೆದರೂ ಬೇರಿಂಗುಗಳಲ್ಲಿ ನದಿಯ ಹೂಳು ಸೇರಿಕೊಂಡಿತ್ತು. ಟೂ-ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲಿನ ಮಿಶ್ರಣವು ಕ್ರ್ಯಾಂಕಿನ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗುವದರಿಂದ ಆ ಕೋಣೆ ಸದಾ ಶುದ್ಧವಿರಬೇಕು. ಕೊನೆಗೆ ಎಂಜಿನನ್ನು ಎರಡು ಹೋಳು ಮಾಡಿ ಬೇರಿಂಗುಗಳನ್ನೂ ಸೀಲುಗಳನ್ನೂ ಬದಲಿಸಬೇಕಾಯಿತು. ಆ ವರ್ಷ ಮನೆ ಕಳೆದುಕೊಂಡವರನ್ನು ಕಣ್ಣಾರೆ ಕಂಡ ನಮಗೆ ಆ ಖರ್ಚನ್ನು ದುಃಖವೆಂದು ಕರೆಯಲು ಬಾಯಿ ಬರಲಿಲ್ಲ.

ದೊಡ್ಡ ದುರಸ್ತಿಗಳು ನಾಲ್ಕಾರು ವರ್ಷಕ್ಕೊಮ್ಮೆ ಬರುವಂಥವು. ಹಳೆಯ ಗಾಡಿಯನ್ನು ಬದುಕಿಸುವದು ಅವಲ್ಲ. ವಾರ ತಿಂಗಳುಗಳ ಸಣ್ಣ ಆರೈಕೆಗಳು. ಟೂ-ಸ್ಟ್ರೋಕ್ ಎಂಜಿನಿಗೆ ಎಣ್ಣೆ ಪೆಟ್ರೋಲಿನಲ್ಲಿಯೇ ಕೂಡಬೇಕು. ನಾವು ಲೀಟರಿಗೆ 40 ಮಿಲಿಯಂತೆ ಅಳೆದು ಹಾಕುತ್ತೇವೆ. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗು ಕಪ್ಪಾಗಿ ಸೈಲೆನ್ಸರಿನಲ್ಲಿ ಇದ್ದಲಿ ಕಟ್ಟುತ್ತದೆ. ವರ್ಷಕ್ಕೊಮ್ಮೆ ಸೈಲೆನ್ಸರಿನ ಒಳಗಿನ ಕೊಳವೆಗಳನ್ನು ಹೊರತೆಗೆದು ಇದ್ದಲಿ ಸುಡಬೇಕು. ಈಚಿನ ವರ್ಷಗಳಲ್ಲಿ ಇನ್ನೊಂದು ಚಿಂತೆ ಕೂಡಿದೆ. ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲು ಬೆರೆಸುವ ಕ್ರಮ 2023ರಲ್ಲಿ ಆರಂಭವಾಗಿ ಈಗ ಎಲ್ಲೆಡೆಗೆ ಹಬ್ಬಿದೆ. ಎಥೆನಾಲು ಗಾಳಿಯಲ್ಲಿಯ ತೇವವನ್ನು ಹೀರುತ್ತದೆ; ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಕಬ್ಬು ಗೋವಿನಜೋಳ ಬೆಳೆಯುವ ರೈತನಿಗೆ ಅದರಿಂದ ಹಿತವಾಗುವದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಹಳೆಯ ಗಾಡಿಯವರು ಟಾಕಿಯಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಿಸಲಾಗದು. ನಳದ ರಬ್ಬರನ್ನೂ ಪೈಪನ್ನೂ ವರ್ಷ ವರ್ಷ ಬದಲಿಸಬೇಕು. ಗಾಡಿ ಓಡಿ ಕೆಡುವದಕ್ಕಿಂತ ನಿಂತು ಕೆಡುವದೇ ಹೆಚ್ಚು.

ಬಿಡಿಭಾಗಗಳ ಮಾತು ಇನ್ನೂ ತೊಡಕಿನದು. ಮೈಸೂರಿನ ಕಾರಖಾನೆ 1996ರಲ್ಲಿ ಮುಚ್ಚಿತು. ಹೆಚ್ಚು ಪೆಟ್ರೋಲು ಕುಡಿಯದ, ಹೆಚ್ಚು ಹೊಗೆ ಬಿಡದ ಜಪಾನೀ ತರಹದ ನೂರು ಸಿ.ಸಿ.ಯ ಗಾಡಿಗಳು 1985ರಿಂದಲೇ ಪೇಟೆಗೆ ಬಂದಿದ್ದವು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಬೇರೊಂದು ಕಂಪನಿಯಿಂದ ಮರಳಿ ಬಂದವೇನೋ ನಿಜ. ಆದರೆ ಅವು ಫೋರ್-ಸ್ಟ್ರೋಕ್ ಎಂಜಿನಿನ ಬೇರೆಯೇ ಗಾಡಿಗಳು. ಅವುಗಳ ಒಂದು ತಿರುಪೂ ನಮ್ಮ ಗಾಡಿಯ ಉಪಯೋಗಕ್ಕೆ ಬಾರದು. ಆದುದರಿಂದ ಹುಬ್ಬಳ್ಳಿಯ ಹಳೆಯ ಅಂಗಡಿಗಳ ಅಟ್ಟದ ಮೇಲೆ ಉಳಿದ ಸಾಮಾನನ್ನು ಹುಡುಕಬೇಕು. ಇಲ್ಲವೆ ಹೊಸದಾಗಿ ಎರಕ ಹೊಯ್ದ ನಕಲಿಯನ್ನು ಕೊಳ್ಳಬೇಕು. ಒಮ್ಮೆ ಒಂದು ಅಂಗಡಿಯಿಂದ ಅಸಲು ಡಬ್ಬಿಯಲ್ಲಿ ಬಂದ ರಿಂಗುಗಳು ಮೂರೇ ತಿಂಗಳಲ್ಲಿ ತುಂಡಾದವು. ಡಬ್ಬಿ ಅಸಲಾಗಿತ್ತು, ರಿಂಗು ಆಗಿರಲಿಲ್ಲ. ಅಂದಿನಿಂದ ತೆಗೆದ ಹಳೆಯ ಭಾಗವನ್ನು ಎಸೆಯದೆ ಕಿರ್ದಿಯ ಪುಟದ ಅಂಕಿ ಬರೆದು ಒಂದು ಪೆಟ್ಟಿಗೆಯಲ್ಲಿಡುತ್ತೇವೆ. ಹೊಸದನ್ನು ಅದರ ಪಕ್ಕಕ್ಕೆ ಹಿಡಿದು ನೋಡದೆ ಹಣ ಕೊಡುವದಿಲ್ಲ.

2024ರಲ್ಲಿ, 1,58,000 ಕಿಲೋಮೀಟರಿಗೆ, ನಾಲ್ಕನೆಯ ದೊಡ್ಡ ಖರ್ಚು ಬಂದಿತು. ಮೇಸ್ತ್ರಿಗಳು ಸಿಲಿಂಡರನ್ನು ಅಳೆದು, ಇನ್ನು ಕೊರೆಯಲು ಬಾರದು, ಸ್ಲೀವೇ ಗತಿ ಎಂದರು. ಅದರೊಡನೆ ಇನ್ನೊಂದು ಮಾತನ್ನೂ ಹೇಳಿದರು. ಅವರಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂದವಾಗಿದ್ದವು. ಇದೇ ತಮ್ಮ ಕೈಯ ಕೊನೆಯ ಎಂಜಿನು ಎಂದರು. ಅದೇ ತಿಂಗಳು ಬೆಂಗಳೂರಿನ ಸಂಗ್ರಾಹಕರೊಬ್ಬರು ಗಾಡಿಯನ್ನು ಕೇಳಿಕೊಂಡು ಬಂದರು. ಜುಲೈ ತಿಂಗಳ ಎರಡನೆಯ ರವಿವಾರ ಜಾವಾ ದಿನವೆಂದು ಆಚರಿಸಿ ಹಳೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸುವ ಹವ್ಯಾಸಿಗಳಲ್ಲಿ ಅವರೂ ಒಬ್ಬರು. ತಂದೆಯವರು ಕೊಟ್ಟ ಬೆಲೆಗಿಂತ ಬಹಳ ಹೆಚ್ಚಿನ ಬೆಲೆಯನ್ನು ಅವರು ಹೇಳಿದರು. ಮಗಳ ಡಿಪ್ಲೊಮಾದ ಫೀಸು ಮುಂದಿತ್ತು. ಅಂಗಡಿಯ ಉದ್ರಿ ವಸೂಲಾಗಿರಲಿಲ್ಲ. ಆ ರಾತ್ರಿ ಮನೆಯವರೆಲ್ಲ ಪಡಸಾಲೆಯಲ್ಲಿ ಕುಳಿತೆವು. ಮಾರಬೇಕೆಂಬವರ ಮಾತಿನಲ್ಲಿ ಹುರುಳಿತ್ತು. ಇಡಬೇಕೆಂಬವರ ಹತ್ತಿರ ಇದ್ದದ್ದು ಬರಿಯ ನೆನಪು. ನೆನಪಿನಿಂದ ಫೀಸು ತುಂಬಲಾಗದು.

ತಂದೆಯವರಿಗೆ ಈಗ ಎಂಬತ್ತೆರಡು. ಆಗ ಅವರೇ ಮೂರು ಪ್ರಶ್ನೆಗಳನ್ನು ಮುಂದಿಟ್ಟರು. ಹಳೆಯ ವಸ್ತುವನ್ನು ಇಟ್ಟುಕೊಳ್ಳುವ ಎಲ್ಲ ಮನೆಗಳಿಗೂ ಅವು ಸಲ್ಲುವವೆಂದು ಇಲ್ಲಿ ಬರೆಯುತ್ತೇವೆ. ಒಂದು: ಇದು ಓಡುವಷ್ಟೇ ನಂಬಿಗೆಯಿಂದ ನಿಲ್ಲುತ್ತದೆಯೋ? ಬ್ರೇಕಿನ ಭರವಸೆಯಿಲ್ಲದ ಗಾಡಿ ಎಷ್ಟು ಚೆಂದಿದ್ದರೂ ಮನೆಯಲ್ಲಿರತಕ್ಕದ್ದಲ್ಲ. ಎರಡು: ನಮ್ಮ ಸಂತೋಷಕ್ಕೆ ನೆರೆಯವರು ದಂಡ ತೆರುತ್ತಿರುವರೋ? ಟೂ-ಸ್ಟ್ರೋಕ್ ಎಂಜಿನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ಗಳಿಗೆಯಲ್ಲಿಯೇ ಹೊಗೆಯ ದಾರಿಯೂ ತೆರೆದಿರುವದರಿಂದ ಒಂದಿಷ್ಟು ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. ಅದು ಆ ಯಂತ್ರದ ಹುಟ್ಟುಗುಣ. ಆರು ತಿಂಗಳಿಗೊಮ್ಮೆ ಹೊಗೆಯ ಪರೀಕ್ಷೆಯ ಪತ್ರ ಸಿಕ್ಕಿತೆಂದಮಾತ್ರಕ್ಕೆ ಮನಬಂದಂತೆ ಓಡಿಸಲಾಗದು. ಮೂರು: ಇದರ ಖರ್ಚು ಮನೆಯ ಯಾರದಾದರೂ ಪಾಲನ್ನು ಕಸಿಯುತ್ತಿದೆಯೋ? ಕಸಿಯುತ್ತಿದ್ದರೆ ಅದು ವಾಹನವಲ್ಲ, ವ್ಯಸನ.

ಕಿರ್ದಿಯನ್ನು ತೆಗೆದು ನೋಡಿದೆವು. ಬ್ರೇಕಿನ ಲೈನರುಗಳು, ಕೇಬಲ್ಲುಗಳು ಪ್ರತಿ ವರ್ಷವೂ ಸಕಾಲದಲ್ಲಿ ಬದಲಾಗಿದ್ದವು. ನೆರೆಯವರ ಪ್ರಶ್ನೆಗೆ ಉತ್ತರವಾಗಿ ಒಂದು ಕಟ್ಟಳೆಯನ್ನು ಮಾಡಿದೆವು. ದಿನದ ವ್ಯಾಪಾರಕ್ಕೆ ಒಂದು ಸಣ್ಣ ವ್ಯಾನು ಈಗಾಗಲೇ ಇತ್ತು. ಇನ್ನು ಮೇಲೆ ಫಟಫಟಿ ವಾರಕ್ಕೊಂದು ಸಲ ಮಾತ್ರ ಹೊರಡತಕ್ಕದ್ದು, ಗಂಟು ಹೇರಕೂಡದು, ತಾಸಿಗೆ 50 ಕಿಲೋಮೀಟರು ಮೀರಕೂಡದು, ಗಜೇಂದ್ರಗಡದ ಗುಡ್ಡದ ದಾರಿಯನ್ನು ಕತ್ತಲಾದ ಮೇಲೆ ಹತ್ತಕೂಡದು. ನಮ್ಮ ರೈತರು ವಯಸ್ಸಾದ ಎತ್ತನ್ನು ನೇಗಿಲಿಗೆ ಹೂಡುವದಿಲ್ಲ, ಮನೆಯ ಹಗುರ ಬಂಡಿಗೆ ಹೂಡುತ್ತಾರೆ; ಇದೂ ಹಾಗೆಯೇ. ಮೂರನೆಯ ಪ್ರಶ್ನೆ ಕಠಿಣವಾಗಿತ್ತು. ಮೊದಲು ಫೀಸು, ಆಮೇಲೆ ಸ್ಲೀವು ಎಂದು ಗೊತ್ತಾಯಿತು. ಅದರಂತೆ ಗಾಡಿ ಏಳು ತಿಂಗಳು ಎಂಜಿನಿಲ್ಲದೆ ಗೋಣಿಯ ಕೆಳಗೆ ನಿಂತಿತು. ಉದ್ರಿ ವಸೂಲಾದ ಮೇಲೆಯೇ ಅದರ ಸರದಿ ಬಂದಿತು.

ಆದರೂ ಮೇಸ್ತ್ರಿಗಳ ನಂತರ ಯಾರೆಂಬ ಪ್ರಶ್ನೆ ಉಳಿದೇ ಇತ್ತು. ಸಂಗ್ರಾಹಕರಿಗೆ ಇಲ್ಲವೆನ್ನಲು ನಮಗೆ ಧೈರ್ಯ ಬಂದದ್ದು ಮಗಳಿಂದ. ಗದಗದಲ್ಲಿ ಓದುವ ಆಕೆ ರಜೆಯ ದಿನಗಳಲ್ಲಿ ಮೇಸ್ತ್ರಿಗಳ ಶೆಡ್ಡಿಗೆ ಹೋಗಿ ಕುಳಿತಳು. ಅವರ ಕಣ್ಣಿಗೆ ಕಾಣದ್ದನ್ನು ಆಕೆ ನೋಡಿ ಹೇಳುವಳು, ಆಕೆಯ ಕೈಗೆ ತಿಳಿಯದ್ದನ್ನು ಅವರು ಮುಟ್ಟಿ ಹೇಳುವರು. ಕಿಡಿಯ ಹೊತ್ತನ್ನು ಗೊತ್ತು ಮಾಡುವ ಪಾಯಿಂಟು ಯಾವ ಗಳಿಗೆಗೆ ಬಾಯಿ ತೆರೆಯುವದೆಂಬದನ್ನು, ನಡುವೆ ತೆಳುಕಾಗದವೊಂದನ್ನು ಸಿಕ್ಕಿಸಿ ಅದು ಸಡಿಲಾಗಿ ಜಾರುವ ಕ್ಷಣದಿಂದ ತಿಳಿಯುವ ಉಪಾಯವನ್ನು ಅವರು ಆಕೆಗೆ ಕಲಿಸಿದರು. ಐವತ್ತು ವರ್ಷ ದುಡಿದ ಬೆರಳುಗಳ ವಿದ್ಯೆ ಕಾಗದದ ಒಂದು ಚೂರಿನಲ್ಲಿ ಕೈ ಬದಲಾಯಿಸಿತು. ಕೂಲಿಯನ್ನು ಕೇಳಿದರೆ, ಕಲಿತವಳು ಇನ್ನೊಬ್ಬರಿಗೆ ಕಲಿಸಲಿ ಎಂದಷ್ಟೇ ಅಂದರು. ಕೂಲಿಯನ್ನೂ ಕೊಟ್ಟೆವೆನ್ನಿ.

ಖಾಸಗಿ ವಾಹನದ ನೋಂದಣಿಗೆ ಮೊದಲು 15 ವರ್ಷಗಳ ಅವಧಿ. ಅನಂತರ ಪರೀಕ್ಷೆಗೊಳಪಟ್ಟು ಐದೈದು ವರ್ಷಗಳಿಗೆ ನವೀಕರಣ. ನಮ್ಮದು 2023ರಲ್ಲಿ ಆಗಿದೆ, ಮುಂದಿನದು 2028ಕ್ಕೆ. ಹದಿನೈದು ವರ್ಷ ದಾಟಿದ ಫಟಫಟಿಗೆ 2022ರಿಂದ 1,000 ರೂಪಾಯಿ ಇದ್ದ ಈ ಶುಲ್ಕ, ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 2,000 ಆಯಿತು. ಕೆಲವರು ಇದನ್ನು ಹಳೆಯ ಗಾಡಿಗಳ ಮೇಲಿನ ಹಗೆಯೆನ್ನುತ್ತಾರೆ. ನಮಗೆ ಹಾಗೆನಿಸುವದಿಲ್ಲ. ಐದು ವರ್ಷಕ್ಕೊಮ್ಮೆ ಯಾರಾದರೊಬ್ಬರು ಬಾಗಿಲಿಗೆ ಬಂದು, ಇದನ್ನು ಇನ್ನೂ ಇಟ್ಟುಕೊಳ್ಳುವಿರಾ ಎಂದು ಕೇಳುವದು ಒಳ್ಳೆಯದೇ. 2028ರಲ್ಲಿ ನಾವು ಮತ್ತೆ ಪಡಸಾಲೆಯಲ್ಲಿ ಕುಳಿತು ಅವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವವರಿದ್ದೇವೆ. ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಗಾಡಿಯನ್ನು ಕಿರ್ದಿಯೊಡನೆ, ಲಕ್ಷದ ಲೆಕ್ಕವನ್ನು ಮುಚ್ಚಿಡದೆ, ನೋಡಿಕೊಳ್ಳಬಲ್ಲವರ ಕೈಗೆ ಕೊಟ್ಟುಬಿಡುವದೆಂದು ನಿಶ್ಚಯವಾಗಿದೆ.

ಹಳೆಯದನ್ನು ಉಳಿಸುವದು ಪ್ರೀತಿಯೆಂದು ಜನರು ತಿಳಿಯುತ್ತಾರೆ. ಪ್ರೀತಿ ಎಲ್ಲರಲ್ಲಿಯೂ ಇರುತ್ತದೆ. ಗುಜರಿಗೆ ಹೋದ ಗಾಡಿಗಳನ್ನೂ ಅವುಗಳ ಮಾಲಕರು ಪ್ರೀತಿಸಿಯೇ ಇದ್ದರು. ಉಳಿಸುವದು ದಿನದ ನಿಗಾ: ಅಳೆದ ಎಣ್ಣೆ, ತೊಳೆದ ಜಾಳಿಗೆ, ಬರೆದಿಟ್ಟ ಅಂಕಿ, ಮತ್ತು ನಮ್ಮ ಆಸೆಯನ್ನು ಅದರ ಶಕ್ತಿಗೆ ತಕ್ಕಂತೆ ಇಳಿಸಿಕೊಳ್ಳುವ ಮನಸ್ಸು. ಕಳೆದ ತಿಂಗಳು ಕಿರ್ದಿಯಲ್ಲಿ ಹೊಸದೊಂದು ಸಾಲು ಬಿದ್ದಿದೆ. ಪಾಯಿಂಟು ತೊಳೆದು ಕೂಡಿಸಿದ್ದು, ಖರ್ಚು ಸೊನ್ನೆ ಎಂದು. ಅಕ್ಷರ ನಮ್ಮ ಮಗಳದು.